ಬ್ಲ್ಯಾಕ್‌ಕರಂಟ್ ಅಂದ್ರೆ ನಮಗೇನ್ ಗೊತ್ತು? ಬೀದರ್‌ನಲ್ಲಿ ಒಂದು ಇಂಗ್ಲಿಷ್ ಹಾಪ್‌ನ ರುಚಿ ಪರೀಕ್ಷೆ

ಬೀದರ್‌ನ ಬಿದ್ರಿ ಕುಶಲಕರ್ಮಿಗಳಿಗೆ ಕೋಟೆಯ ಹಳೇ ಮಣ್ಣು ಬೇಕು. ವರ್ಷಾನುಗಟ್ಟಲೆ ಬಿಸಿಲು, ಮಳೆ ತಾಗದ ಜಾಗದ ಮಣ್ಣು. ಅದನ್ನು ನವಸಾಗರದ ಜೊತೆ ನೀರಲ್ಲಿ ಕುದಿಸಿ ಪಾತ್ರೆಗೆ ಹಚ್ಚಿದರೆ ಸತು-ತಾಮ್ರದ ಲೋಹ ಕಪ್ಪಾಗುತ್ತದೆ, ಬೆಳ್ಳಿಯ ಚಿತ್ತಾರ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆದರೆ ಯಾವ ಮಣ್ಣು ಆಗುತ್ತದೆ, ಯಾವುದು ಆಗಲ್ಲ ಅಂತ ಹೇಗೆ ಗೊತ್ತಾಗುತ್ತದೆ? ಒಂದು ಚಿಟಿಕೆ ನಾಲಿಗೆ ಮೇಲೆ ಇಟ್ಟು ನೋಡುತ್ತಾರೆ. ಅಷ್ಟೇ. 2006ರಲ್ಲಿ ಜಿಐ ಟ್ಯಾಗ್ ಪಡೆದ ಈ ಕಲೆಯಲ್ಲಿ ಇವತ್ತಿಗೂ ಮಣ್ಣಿನ ತೀರ್ಪು ಕೊಡೋದು ನಾಲಿಗೆಯೇ.

ಇಂಥ ಊರಲ್ಲಿ ರುಚಿ ನೋಡಿ ತೀರ್ಪು ಹೇಳೋದು ಹೊಸದೇನಲ್ಲ. ಈ ಸಲ ಎಳ್ಳಮಾಸಿಗೆ ನಾವು ಒಂದಿಷ್ಟು ಜನ ಸೇರಿ ತೀರ್ಪು ಕೊಟ್ಟ ವಸ್ತು ಮಾತ್ರ ಹೊಸದು. ಅದು ಇಂಗ್ಲೆಂಡಿನ ಕೆಂಟ್ ಕಡೆಯ ಒಂದು ಹಾಪ್. ಹೆಸರು ಬ್ರ್ಯಾಮ್ಲಿಂಗ್ ಕ್ರಾಸ್. ಬೀದರ್, ಭಾಲ್ಕಿ, ಔರಾದ್ ಮೂರೂ ಕಡೆ ನಾಲ್ಕು ದಿನ ನಡೆದ ಈ ಪರೀಕ್ಷೆಯಿಂದ ನನಗೆ ಹಾಪ್‌ಗಿಂತ ಹೆಚ್ಚಾಗಿ ನಮ್ಮ ನಾಲಿಗೆಯ ಬಗ್ಗೆ ತಿಳೀತು. ಅದಕ್ಕೇ ಈ ಬರಹ.

ಹಾಪ್ ಅಂದ್ರೆ ಏನು?

ಬಿಯರ್‌ಗೆ ಬೇಕಾದ್ದು ನಾಲ್ಕೇ ಸಾಮಾನು: ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಅಂದರೆ ಮಾಲ್ಟ್, ಯೀಸ್ಟ್ ಮತ್ತು ಹಾಪ್. ಮಾಲ್ಟ್ ಸಿಹಿ ಕೊಡುತ್ತದೆ, ಯೀಸ್ಟ್ ಆ ಸಿಹಿಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಹಾಪ್ ಕೊಡೋದು ಕಹಿ ಮತ್ತು ಪರಿಮಳ. ಅಡುಗೆಯ ಲೆಕ್ಕದಲ್ಲಿ ಹೇಳೋದಾದರೆ ಹಾಪ್ ಅಂದರೆ ಮಸಾಲೆ.

ಇದೊಂದು ಬಳ್ಳಿ. ಹೆಣ್ಣು ಬಳ್ಳಿಯಲ್ಲಿ ಬಿಡುವ, ಸಣ್ಣ ಹಸಿರು ಗೊಂಡೆಯಂಥ ಹೂವಿನೊಳಗೆ ಹಳದಿ ಪುಡಿ ಇರುತ್ತದೆ. ಎಲ್ಲ ಮಹಿಮೆ ಆ ಪುಡಿಯದ್ದೇ. ಅದರಲ್ಲಿರುವ ಆಲ್ಫಾ ಆಮ್ಲಗಳು ತುಂಬ ಹೊತ್ತು ಕುದ್ದರೆ ಕಹಿ ಬಿಡುತ್ತವೆ. ಅದರ ಎಣ್ಣೆ ಅಂಶ ಮಾತ್ರ ಕುದಿಸಿದರೆ ಹಾರಿಹೋಗುತ್ತದೆ. ಹಾಗಾಗಿ ಕಹಿ ಬೇಕಾದವರು ಹಾಪ್ ಮೊದಲೇ ಹಾಕುತ್ತಾರೆ, ಪರಿಮಳ ಬೇಕಾದವರು ಕೊನೆಗೆ ಹಾಕುತ್ತಾರೆ. ನಾವು ಸಾರಿಗೆ ಕೊತ್ತಂಬರಿ ಕೊನೇಲಿ ಹಾಕೋ ಹಂಗೆ.

ಬೇಸಿಗೆಯಲ್ಲಿ ಹಗಲು ಉದ್ದ ಇರುವ ತಂಪು ನಾಡಲ್ಲಿ ಈ ಬಳ್ಳಿ ಚೆನ್ನಾಗಿ ಬರುತ್ತದೆ. ನಮ್ಮ ದೇಶದಲ್ಲಿ ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಬೆಳೆದಿದ್ದಾರೆ. ಬೀದರ್ ಬಿಸಿಲಿಗೆ ಅದು ಒಗ್ಗೋದಿಲ್ಲ.

ಇನ್ನೊಂದು ಮಾತು. ಹಾಪ್ ಮತ್ತು ಗಾಂಜಾ ಒಂದೇ ಸಸ್ಯ ಕುಟುಂಬದವು. ಹಾಪ್‌ನಲ್ಲಿ ಗಾಂಜಾದ ನಶೆ ಇಲ್ಲ, ಆದರೆ ವಾಸನೆಯಲ್ಲಿ ನಂಟಸ್ತನ ಇದೆ. ಔರಾದ್ ಕಡೆ ಗಡಿಯಲ್ಲಿ ಗಾಂಜಾ ಹಿಡಿದ ಸುದ್ದಿ ಪೇಪರಲ್ಲಿ ಓದುವ ನಮ್ಮ ಅವ್ವ ಪೊಟ್ಟಣ ಬಿಚ್ಚಿದ ಕೂಡಲೇ ಕೇಳಿದ್ದು ಇದೇ: "ತಮ್ಮಾ, ಇದು ಅದು ಅಲ್ಲಲಾ?" ಅಲ್ಲ ಅಂತ ಮೂರು ಸಲ ಹೇಳಬೇಕಾಯಿತು.

ಬೆಂಗಳೂರು ಬಿಟ್ಟು ಬೀದರ್ ಯಾಕೆ?

ನಾವು ಮೂವರು ಇಂಜಿನಿಯರಿಂಗ್ ಕ್ಲಾಸ್‌ಮೇಟ್ಸ್. ನಾನು ಬೀದರ್‌ನವ, ಈಗ ಮನೆಯಿಂದಲೇ ಕೆಲಸ. ಔರಾದಿನ ಗೆಳೆಯ ಸಾಫ್ಟ್‌ವೇರ್ ಬಿಟ್ಟು ಅಪ್ಪನ ಬೀಜ-ಗೊಬ್ಬರದ ಅಂಗಡಿ ಮತ್ತು ಹೊಲ ನೋಡಿಕೊಳ್ಳುತ್ತಾನೆ. ಭಾಲ್ಕಿಯ ಗೆಳೆಯ ಮತ್ತು ನಾನು ಕಂಪನಿ ಕಳಿಸಿದಾಗ ಎರಡು ವರ್ಷ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದೇ ಮನೆಯಲ್ಲಿದ್ದೆವು. ಬಿಯರ್ ಕುದಿಸೋದು ಕಲಿತದ್ದು ಆ ಮನೆಯ ಅಡುಗೆಮನೆಯಲ್ಲಿ. ಅಲ್ಲಿ ಸ್ವಂತಕ್ಕೆ ಬಿಯರ್ ಮಾಡಿಕೊಳ್ಳಲು 1963ರಿಂದ ಲೈಸೆನ್ಸ್ ಬೇಕಿಲ್ಲ. ಶನಿವಾರ ಬಂತೆಂದರೆ ದೊಡ್ಡ ಪಾತ್ರೆ, ಥರ್ಮಾಮೀಟರ್, ಒಂದು ನೋಟ್‌ಬುಕ್. ನನಗದು ಹವ್ಯಾಸವಾಗಿ ಉಳಿಯಿತು. ಅವನಿಗೆ ಹುಚ್ಚು ಹಿಡಿದು, ಕೋಡಿಂಗ್ ಬಿಟ್ಟು ಈಗ ಬೆಂಗಳೂರಿನ ಒಂದು ಮೈಕ್ರೋಬ್ರೂವರಿಯಲ್ಲಿ ಬ್ರೂವರ್.

ಎಳ್ಳಮಾಸಿಗೆ ಊರಿಗೆ ಬರುವಾಗ ಅವನು ಎರಡು ಪೊಟ್ಟಣ ತಂದಿದ್ದ. ಒಂದು ಈಸ್ಟ್ ಕೆಂಟ್ ಗೋಲ್ಡಿಂಗ್ಸ್, ಇಂಗ್ಲೆಂಡಿನ ಹಳೇ, ಎಲ್ಲರಿಗೂ ಪರಿಚಿತ ಹಾಪ್. ಲೆಸ್ಟರ್‌ನಲ್ಲಿ ನಾವು ಹೆಚ್ಚು ಬಳಸಿದ್ದು ಇದನ್ನೇ. ಇನ್ನೊಂದು ಬ್ರ್ಯಾಮ್ಲಿಂಗ್ ಕ್ರಾಸ್, ನಮ್ಮಿಬ್ಬರಿಗೂ ಹೊಸದು. ಅವನ ಮಾಲೀಕರಿಗೆ ಅದು ಬೇಕೋ ಬೇಡವೋ ಅನ್ನೋದನ್ನು ಒಂದು ವಾರದಲ್ಲಿ ಹೇಳಬೇಕಿತ್ತು. ಹೂಂ ಅಂದರೆ ಕಿಲೋಗಟ್ಟಲೆ ಆರ್ಡರ್, ಒಂದು ಹೊಸ ಬಿಯರ್, ಅದರ ಮೇಲೆ ಇವನ ಹೆಸರು. ಕೆಟ್ಟರೆ ಆ ಟ್ಯಾಂಕ್ ಪೂರ್ತಿ ಮೋರಿ ಪಾಲು, ಜೊತೆಗೆ ಹೊಸ ಬ್ರೂವರ್ ಮಾತಿಗೆ ಇದ್ದ ಬೆಲೆಯೂ ಹೋದಂಗೆ.

"ಅಲ್ಲೇ ಬೆಂಗಳೂರಲ್ಲಿ ನೋಡಬಹುದಿತ್ತಲ್ಲೋ?" ಅಂದೆ.

"ಅಲ್ಲಿ ಎಲ್ಲಾರೂ ಪೊಟ್ಟಣದ ಮ್ಯಾಗ ಓದ್ಯಾರ. ಬ್ಲ್ಯಾಕ್‌ಕರಂಟ್ ಅಂತ ಬರ್ದದ. ಮೂಸಿ ನೋಡೋಕ್ಕಿಂತ ಮೊದಲೇ ಬ್ಲ್ಯಾಕ್‌ಕರಂಟ್ ಅಂತಾರ. ನನಗ ಓದದೇ ಇರೋ ಮೂಗು ಬೇಕು" ಅಂದ.

ಅವನ ಅನುಮಾನಕ್ಕೆ ಆಧಾರ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದ, 2001ರಲ್ಲಿ ಪ್ರಕಟವಾದ ಒಂದು ಪ್ರಯೋಗ ತುಂಬ ಹೆಸರುವಾಸಿ. ವೈನ್ ಓದುತ್ತಿದ್ದ 54 ಜನರಿಗೆ ಬಿಳಿ ವೈನ್‌ಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದರ ವಾಸನೆಯನ್ನು ಕೆಂಪು ವೈನ್‌ಗೆ ಬಳಸುವ ಪದಗಳಲ್ಲೇ ವರ್ಣಿಸಿದರು. ಕಣ್ಣು ಕಂಡದ್ದನ್ನೇ ಮೂಗು ಒಪ್ಪಿಕೊಂಡಿತ್ತು. ಬಣ್ಣಕ್ಕೇ ಇಷ್ಟು ಶಕ್ತಿ ಇದ್ದರೆ ಲೇಬಲ್‌ಗೆ ಎಷ್ಟಿರಬೇಡ?

ಕಾನೂನು ಏನನ್ನುತ್ತೆ?

ಮುಂದೆ ಹೋಗುವ ಮುಂಚೆ ಇದು ಸ್ಪಷ್ಟವಾಗಲಿ. ಲೆಸ್ಟರ್‌ನಲ್ಲಿ ಮಾಡಿದ್ದನ್ನು ಇಲ್ಲಿ ಮಾಡೋಹಂಗಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸೋದು ಅಪರಾಧ, ಮನೆಮಟ್ಟಿಗೆ ಅಂದರೂ ಬಿಡುವುದಿಲ್ಲ. ಯೂಟ್ಯೂಬ್ ನೋಡಿ ಬಾತ್‌ರೂಮಿನಲ್ಲಿ ಬಕೆಟ್ ಇಡೋ ಐಡಿಯಾ ಇದ್ದರೆ ಈಗಲೇ ಬಿಡಿ.

ಹಾಪ್ ನೋಡಲು ಬಿಯರ್ ಮಾಡಲೇಬೇಕು ಅಂತಿಲ್ಲ. ಇದಕ್ಕೆ ಹೋಮ್‌ಬ್ರೂವರ್‌ಗಳ ಹತ್ತಿರ ಎರಡು ಸುಲಭ ದಾರಿ ಇವೆ. ಒಂದು, ಹಾಪ್ ಚಹಾ. ಬಿಸಿ ನೀರಲ್ಲಿ ನೆನೆಸಿ ಸೋಸೋದು. ಇದರಲ್ಲಿ ಆಲ್ಕೋಹಾಲ್ ಇಲ್ಲವೇ ಇಲ್ಲ, ಅವ್ವನೂ ಕುಡಿಯಬಹುದು. ಎರಡು, ಅಂಗಡಿಯಲ್ಲಿ ಸಿಗುವ ಸಪ್ಪೆ ಲಾಗರ್ ಬಾಟಲಿಗೆ ಎರಡು-ಮೂರು ಹಾಪ್ ಗುಳಿಗೆ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಟ್ಟು ಆಮೇಲೆ ನೋಡೋದು. ಮೊದಲನೆಯದನ್ನು ಬೀದರ್‌ನ ನಮ್ಮ ಮನೆಯಲ್ಲಿ, ಎರಡನೆಯದನ್ನು ಭಾಲ್ಕಿಯಲ್ಲಿ ಅವನ ಮನೆಯಲ್ಲಿ ಮಾಡೋದು ಅಂತಾಯಿತು. ನಡುವೆ ಎಳ್ಳಮಾಸಿಗೆ ಎಲ್ಲರೂ ಔರಾದಿನ ಹೊಲಕ್ಕೆ.

ಬೀದರ್: ಮೂರು ಲೋಟದ ಪರೀಕ್ಷೆ

ಮೊದಲ ಪ್ರಶ್ನೆ ಚೆನ್ನಾಗಿದೆಯೋ ಇಲ್ಲವೋ ಅನ್ನೋದಲ್ಲ. ಪರಿಚಿತ ಹಾಪ್‌ಗೂ ಹೊಸ ಹಾಪ್‌ಗೂ ನಿಜವಾಗಲೂ ವ್ಯತ್ಯಾಸ ಗೊತ್ತಾಗುತ್ತದೆಯೋ ಇಲ್ಲವೋ ಅನ್ನೋದು. ವ್ಯತ್ಯಾಸವೇ ಗೊತ್ತಾಗದಿದ್ದರೆ ಹೊಸದನ್ನು ಕೊಳ್ಳೋದು ಯಾಕೆ?

ಇದಕ್ಕೆ ಟ್ರಯಾಂಗಲ್ ಟೆಸ್ಟ್ ಅಂತ ಇದೆ. ಪ್ರತಿಯೊಬ್ಬರಿಗೂ ಮೂರು ಲೋಟ. ಎರಡರಲ್ಲಿ ಒಂದೇ ಚಹಾ, ಒಂದರಲ್ಲಿ ಬೇರೆ. ಬೇರೆ ಯಾವುದು ಅಂತ ಹೇಳಬೇಕು. ಲೋಟಕ್ಕೆ ಒಂದು, ಎರಡು, ಮೂರು ಅಂತ ನಂಬರ್ ಹಾಕಬಾರದು, ಒಂದು ಅಂದರೆ ಒಳ್ಳೇದು ಅಂತ ಮನಸ್ಸು ಹೇಳಿಬಿಡುತ್ತದೆ. ಅದಕ್ಕೆ 417, 682, 935 ಥರದ ಅಡ್ಡಾದಿಡ್ಡಿ ನಂಬರ್. ಬಣ್ಣ ಕಾಣದಿರಲಿ ಅಂತ ಎಲ್ಲಾ ಸ್ಟೀಲ್ ಲೋಟ.

ಚಹಾದ ಅಳತೆ ಹೀಗಿತ್ತು: 200 ಮಿ.ಲೀ. ನೀರಿಗೆ 2 ಗ್ರಾಂ ಹಾಪ್. ನೀರು ಕುದಿಯಬಾರದು, 75 ಡಿಗ್ರಿ ಹತ್ತಿರ ಸಾಕು. ಐದು ನಿಮಿಷ ಇಟ್ಟು, ಬಟ್ಟೆಯಲ್ಲಿ ಸೋಸಿ, ತಣ್ಣಗೆ ಮಾಡಿ ಕೊಟ್ಟ.

ಭಾಲ್ಕಿ ಗೆಳೆಯನಿಗೆ ಉತ್ತರ ಗೊತ್ತಿದ್ದರಿಂದ ಅವನು ಹೊರಗೆ. ಕೂತವರು ಆರು ಜನ: ನಾನು, ಅವ್ವ, ಕಾಲೇಜು ಓದುವ ತಂಗಿ, ಔರಾದಿನ ಗೆಳೆಯ, ಶಾಲೆ ಟೀಚರ್ ಆಗಿರುವ ಅವನ ಹೆಂಡತಿ, ಮತ್ತು ನಮ್ಮ ಓಣಿಯ ಒಬ್ಬ ಕಾಕಾ. ಕಾಕಾ ಬಿದ್ರಿ ಕೆಲಸದವರು. "ಮಣ್ಣು ತಿಂದು ನೋಡಾವ್ರಿಗಿ ಇದೇನ್ ದೊಡ್ಡದು" ಅಂತ ನಗುತ್ತ ಬಂದರು. ಆದರೆ ಕೂತಮೇಲೆ ನಗಲಿಲ್ಲ. ಪ್ರತಿ ಲೋಟದ ನಡುವೆ ನೀರು ಮುಕ್ಕಳಿಸಿ, ಕಣ್ಣು ಮುಚ್ಚಿ, ಎಲ್ಲರಿಗಿಂತ ತಡವಾಗಿ ಮುಗಿಸಿದ್ದು ಅವರೇ.

ಆರರಲ್ಲಿ ಐದು ಜನ ಸರಿ ಹೇಳಿದರು. ತಪ್ಪಿದ್ದು ಔರಾದಿನ ಗೆಳೆಯ ಒಬ್ಬನೇ, ದಾರಿಯಲ್ಲಿ ಪಾನ್ ಹಾಕ್ಕೊಂಡು ಬಂದಿದ್ದ.

ಇಂಜಿನಿಯರ್ ಬುದ್ಧಿ ಸುಮ್ಮನಿರಬೇಕಲ್ಲ, ಲೆಕ್ಕ ಹಾಕಿದೆ. ಆರೂ ಜನ ಸುಮ್ಮನೆ ಊಹೆ ಮಾಡಿದ್ದರೆ ಐದು ಅಥವಾ ಆರು ಸರಿ ಬರುವ ಸಾಧ್ಯತೆ 729ರಲ್ಲಿ 13, ಅಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ನಾಲ್ಕೇ ಸರಿ ಬಂದಿದ್ದರೆ ನಂಬೋಹಂಗಿರಲಿಲ್ಲ, ಯಾಕೆಂದರೆ ನಾಲ್ಕು ಅಥವಾ ಹೆಚ್ಚು ಸರಿ ಬರೋದು ಅದೃಷ್ಟದಿಂದಲೇ ಹತ್ತರಲ್ಲಿ ಒಂದು ಸಲ ಆಗಿಬಿಡುತ್ತದೆ. ಐದು ಅಂದರೆ ವ್ಯತ್ಯಾಸ ಖರೇನೇ ಇದೆ ಅಂತ ಮುಂದುವರೀಬಹುದು.

ಪದ ಎಲ್ಲಿಂದ ತರೋದು?

ಎರಡನೇ ಸುತ್ತು ಕಷ್ಟದ್ದು. ಗುಳಿಗೆಯನ್ನು ಅಂಗೈಯಲ್ಲಿ ತಿಕ್ಕಿ ಬೆಚ್ಚಗೆ ಮಾಡಿ ಮೂಸಬೇಕು, ಚಹಾ ಗುಟುಕರಿಸಬೇಕು, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡದಂತೆ ಚೀಟಿಯಲ್ಲಿ ಬರೆಯಬೇಕು. ನಿಯಮ ಒಂದೇ: "ಛಲೋ ಅದ", "ಹೊಲಸದ" ಅನ್ನೋಹಂಗಿಲ್ಲ. ಯಾವುದರ ಹಂಗ ಅದ ಅಂತ ಮಾತ್ರ ಬರೀಬೇಕು.

ವರ್ಣನೆ ಬೇರೆ, ಇಷ್ಟ ಬೇರೆ. ಎರಡನ್ನೂ ಬೆರೆಸಿದರೆ ಮನೆಯಲ್ಲಿ ಹಿರಿಯರು ಮೊದಲು ಬಾಯಿ ಬಿಟ್ಟದ್ದೇ ತೀರ್ಪು ಆಗುತ್ತದೆ. ಆಫೀಸ್ ಮೀಟಿಂಗಲ್ಲಿ ಮ್ಯಾನೇಜರ್ ಮೊದಲು ಮಾತಾಡಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ, ಹಂಗೆ.

ಚೀಟಿ ಬಿಚ್ಚಿದಾಗ ಗೋಲ್ಡಿಂಗ್ಸ್ ಬಗ್ಗೆ ಹೆಚ್ಚು ಜಗಳ ಇರಲಿಲ್ಲ. ಅವ್ವ "ಒಣ ಕಣಕಿ ಬಣವಿ" ಅಂದಿದ್ದಳು, ಟೀಚರ್ "ಹುಲ್ಲು, ಜೇನು" ಅಂದಿದ್ದರು. ಇಂಗ್ಲಿಷ್ ಪುಸ್ತಕಗಳೂ ಹೆಚ್ಚು ಕಡಿಮೆ ಇದನ್ನೇ ಹೇಳುತ್ತವೆ.

ಬ್ರ್ಯಾಮ್ಲಿಂಗ್ ಕ್ರಾಸ್ ಬಗ್ಗೆ ಬಂದ ಆರು ಚೀಟಿ ಹೀಗಿದ್ದವು.

ಅವ್ವ: "ನೇರಳೆ ಹಣ್ಣು ತಿಂದು ಬೀಜ ಕಚ್ಚಿದಂಗ. ಒಗರು."

ತಂಗಿ: "ಐಸ್‌ಕ್ರೀಂ ಅಂಗಡೀದು, ಜಾಂಬಳಿ ಬಣ್ಣದ್ದು."

ನಾನು: "ಕರಿ ದ್ರಾಕ್ಷಿ ಸಿಪ್ಪೆ, ಸ್ವಲ್ಪ ನಿಂಬೆ."

ಕಾಕಾ: "ಮುಂದ ಹೊಗೆಸೊಪ್ಪು, ಹಿಂದಿಂದ ನಿಂಬೆ ಸಿಪ್ಪೆ."

ಔರಾದ್ ಗೆಳೆಯ: "ಹೊಲದ ವಾಸನಿ. ಯಾವುದಂತ ನೆನಪಾಗವಲ್ದು."

ಟೀಚರ್ ಚೀಟಿಯನ್ನು ಮಡಚಿ ಕೊಟ್ಟಿದ್ದರು. ಒಳಗೆ ಒಂದೇ ಪದ: "ಬೆಕ್ಕು." ಎಲ್ಲರೂ ನೋಡುತ್ತಿದ್ದದ್ದಕ್ಕೆ ಕೆಳದನಿಯಲ್ಲಿ ಅರ್ಥ ಹೇಳಿದರು. ಶಾಲೆಯ ಸ್ಟೋರ್ ರೂಮಿನಲ್ಲಿ ಬೆಕ್ಕು ಸೇರಿಕೊಂಡಾಗ ಬರುವ ವಾಸನೆ.

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಭಾಲ್ಕಿ ಗೆಳೆಯ ಮಾತ್ರ ನಗಲಿಲ್ಲ, ಎದ್ದು ನಿಂತ. "ಅಕ್ಕಾ, ನೀವು ಹೇಳಿದ್ದು ಪುಸ್ತಕದಾಗ ಅದ!"

ನಿಜ. ಬ್ಲ್ಯಾಕ್‌ಕರಂಟ್‌ನ ಘಮಕ್ಕೂ ಬೆಕ್ಕಿನ ಆ ವಾಸನೆಗೂ ಕಾರಣ ಗಂಧಕ ಇರುವ ಒಂದೇ ಜಾತಿಯ ಅಣುಗಳು. ಥಯಾಲ್ ಅಂತ ಕರೆಯುತ್ತಾರೆ. ಹಾಪ್‌ಗಳಲ್ಲೂ ಇವು ಇರುತ್ತವೆ. ಒಂದು ಲೀಟರಿಗೆ ಕೆಲವೇ ನ್ಯಾನೋಗ್ರಾಂ, ಅಂದರೆ ಗ್ರಾಮಿನ ನೂರು ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗಿಗೆ ಗೊತ್ತಾಗುವಂಥವೂ ಅದರಲ್ಲಿವೆ. ತುಸು ಇದ್ದರೆ ಹಣ್ಣು, ಹೆಚ್ಚಾದರೆ ಬೆಕ್ಕು. ಬಿಯರ್ ತೀರ್ಪುಗಾರರ ಇಂಗ್ಲಿಷ್‌ನಲ್ಲಿ "ಕ್ಯಾಟಿ" ಅನ್ನೋ ಪದ ಬಳಕೆಯಲ್ಲೇ ಇದೆ.

ಈಗ ಚೀಟಿಗಳನ್ನು ಮತ್ತೊಮ್ಮೆ ನೋಡಿ. ಯಾರೂ ಲೇಬಲ್ ಓದಿಲ್ಲ, ಯಾರೂ ಬ್ಲ್ಯಾಕ್‌ಕರಂಟ್ ಅಂದಿಲ್ಲ. ಆದರೆ ನೇರಳೆ, ಜಾಂಬಳಿ ಐಸ್‌ಕ್ರೀಂ, ಕರಿ ದ್ರಾಕ್ಷಿ, ಬೆಕ್ಕು ನಾಲ್ಕೂ ಒಂದೇ ಕಡೆ ಕೈ ಮಾಡುತ್ತವೆ. ಜೊತೆಗೆ ಇಬ್ಬರು ನಿಂಬೆ ಅಂದಿದ್ದಾರೆ. ಬ್ಲ್ಯಾಕ್‌ಕರಂಟ್ ಮತ್ತು ನಿಂಬೆ, ಈ ಹಾಪ್‌ಗೆ ಇಂಗ್ಲೆಂಡಿನಲ್ಲಿ ಕೊಡುವ ವರ್ಣನೆ ಇದೇ.

ಬ್ಲ್ಯಾಕ್‌ಕರಂಟ್ ಹಣ್ಣನ್ನು ನಮ್ಮಲ್ಲಿ ಯಾರೂ ಗಿಡದಿಂದ ಕಿತ್ತು ತಿಂದಿಲ್ಲ. ತಂಗಿಗೆ ಗೊತ್ತಿದ್ದದ್ದು ಐಸ್‌ಕ್ರೀಂ ಮಾತ್ರ. ಇದರಲ್ಲಿ ಕೀಳರಿಮೆಯ ಮಾತೇ ಇಲ್ಲ. ಇಂಗ್ಲೆಂಡಿನವರಿಗೆ ಈ ರುಚಿ ಬಾಲ್ಯದ್ದು, ಎರಡನೇ ಮಹಾಯುದ್ಧದ ಕಾಲದಲ್ಲಿ ವಿಟಮಿನ್ ಸಿಗಾಗಿ ಮಕ್ಕಳಿಗೆ ಬ್ಲ್ಯಾಕ್‌ಕರಂಟ್ ಶರಬತ್ತು ಕುಡಿಸಿದ್ದರು. ಅದೇ ಅಮೆರಿಕದಲ್ಲಿ ಪೈನ್ ಮರಗಳಿಗೆ ರೋಗ ಹರಡುತ್ತದೆಂದು 20ನೇ ಶತಮಾನದ ಆರಂಭದಲ್ಲಿ ಆ ಗಿಡ ಬೆಳೆಯೋದನ್ನೇ ನಿಷೇಧಿಸಿದ್ದರು. ಹಾಗಾಗಿ ಎಷ್ಟೋ ಅಮೆರಿಕನ್ನರಿಗೂ ಈ ಹಣ್ಣು ನಮ್ಮಷ್ಟೇ ಅಪರಿಚಿತ. ಯಾರ ನಾಲಿಗೆಯ ಡಿಕ್ಷನರಿಯೂ ಪೂರ್ತಿ ಅಲ್ಲ. ಅವರವರ ಊರಿನ ಸಂತೆಯಲ್ಲಿ ಸಿಕ್ಕಷ್ಟೇ ಅದರಲ್ಲಿರುತ್ತದೆ.

ಬೈಗುಳವಾಗಿದ್ದ ರುಚಿ

ಈ ಹಾಪ್‌ನ ಹಿಂದಿನ ಕಥೆ ಆ ರಾತ್ರಿ ಊಟದ ಹೊತ್ತಿಗೆ ಭಾಲ್ಕಿ ಗೆಳೆಯ ಹೇಳಿದ.

ಕೆಂಟ್‌ನಲ್ಲಿ ವೈ ಕಾಲೇಜ್ ಅಂತ ಒಂದು ಕೃಷಿ ಕಾಲೇಜು. ಅಲ್ಲಿ ಅರ್ನೆಸ್ಟ್ ಸ್ಟ್ಯಾನ್ಲಿ ಸಾಲ್ಮನ್ ಅನ್ನೋ ಪ್ರೊಫೆಸರ್ 1906ರಲ್ಲಿ ಹೊಸ ಹಾಪ್ ತಳಿ ಮಾಡುವ ಕೆಲಸ ಶುರು ಮಾಡಿದರು. 1916ರಲ್ಲಿ ಕೆನಡಾದ ಮ್ಯಾನಿಟೋಬಾದಿಂದ ಒಂದು ಕಾಡು ಹಾಪ್‌ನ ತುಂಡು ಅವರ ಕೈ ಸೇರಿತು. ಇಂಗ್ಲಿಷ್ ಹಾಪ್‌ಗಳ ನಯ, ಕಾಡು ಹಾಪ್‌ನ ಗಟ್ಟಿತನ ಎರಡೂ ಒಂದರಲ್ಲೇ ಬರಲಿ ಅನ್ನೋದು ಅವರ ಆಸೆ. ಅದರ ಸಂತಾನದಿಂದ 1934ರಲ್ಲಿ ಬ್ರೂವರ್ಸ್ ಗೋಲ್ಡ್ ಬಂತು, 1938ರಲ್ಲಿ ಬುಲಿಯನ್. ಬ್ರ್ಯಾಮ್ಲಿಂಗ್ ಎಂಬ ಗೋಲ್ಡಿಂಗ್ಸ್ ಜಾತಿಯ ಹಾಪ್‌ಗೂ ಮ್ಯಾನಿಟೋಬಾ ರಕ್ತದ ಒಂದು ಗಂಡು ಗಿಡಕ್ಕೂ 1927ರಲ್ಲಿ ಮಾಡಿದ ಸಂಬಂಧದಿಂದ ಹುಟ್ಟಿದ್ದು ನಮ್ಮ ಬ್ರ್ಯಾಮ್ಲಿಂಗ್ ಕ್ರಾಸ್. ಅದು ರೈತರ ಕೈಗೆ ಬಂದದ್ದು 1951ರಲ್ಲಿ.

ಆಗಿನ ಇಂಗ್ಲಿಷ್ ಬ್ರೂವರ್‌ಗಳಿಗೆ ಈ ತಳಿಗಳ ಕಹಿ ಬೇಕಿತ್ತು, ಪರಿಮಳ ಬೇಡವಾಗಿತ್ತು. ಆ ವಾಸನೆಗೆ ಅವರು ಇಟ್ಟ ಹೆಸರು "ಅಮೆರಿಕನ್". ಅದು ಹೊಗಳಿಕೆ ಅಲ್ಲ, ಬೈಗುಳ. ಬ್ರ್ಯಾಮ್ಲಿಂಗ್ ಕ್ರಾಸ್ ಕೂಡ ಇಂಗ್ಲಿಷ್ ಹಾಪ್ ಥರ ಇಲ್ಲ ಅಂತ ಬಹಳ ಕಾಲ ಮೂಲೆಯಲ್ಲೇ ಉಳಿಯಿತು. 1920ರ ದಶಕದಲ್ಲಿ ಸಾಲ್ಮನ್ ಮಾಡಿದ ಇನ್ನೊಂದು ತಳಿಯನ್ನಂತೂ ವಾಸನೆ ಜೋರಾಯಿತು ಅಂತ ಪಕ್ಕಕ್ಕೆ ಇಟ್ಟುಬಿಟ್ಟರು. ಅವರು 1959ರಲ್ಲಿ ತೀರಿಕೊಂಡರು.

ಆಮೇಲೆ ಕಾಲ ತಿರುಗಿತು. ಅಮೆರಿಕದಲ್ಲಿ 1970ರ ದಶಕದಿಂದಾಚೆ ಕ್ರಾಫ್ಟ್ ಬಿಯರ್ ಬೆಳೆದಂತೆ ಜೋರು ಹಣ್ಣಿನ ವಾಸನೆಯ ಹಾಪ್‌ಗಳೇ ಬೇಕಾದವು. 1990ರಲ್ಲಿ ಬಂದ, ಇವತ್ತು ಜಗತ್ತೆಲ್ಲ ಹೊಗಳುವ ಸೆಂಟೆನಿಯಲ್ ಹಾಪ್‌ನ ವಂಶದಲ್ಲಿ ದೊಡ್ಡ ಪಾಲು ಸಾಲ್ಮನ್‌ರ ಬ್ರೂವರ್ಸ್ ಗೋಲ್ಡ್‌ದೇ. ಆ ಮೂಲೆಗಿಟ್ಟ ತಳಿಯನ್ನೂ ಈ ಶತಮಾನದಲ್ಲಿ ಹೊರಗೆ ತೆಗೆದು "ಅರ್ನೆಸ್ಟ್" ಅಂತ ಅವರದ್ದೇ ಹೆಸರಿಟ್ಟರು. ಹಾಪ್ ಬದಲಾಗಿರಲಿಲ್ಲ. ಕುಡಿಯುವವರ ನಾಲಿಗೆ ಬದಲಾಗಿತ್ತು.

"ಅವಾಗಿನ ಮಂದಿ ತಪ್ಪು ಹೇಳಿರಲಿಲ್ಲ ನೋಡು" ಅಂದ ಗೆಳೆಯ. "ಅವರು ಏನು ಮೂಸಿದ್ರೋ ಅದು ಖರೇನೇ ಇತ್ತು. ಬರೇ ಅದು ಕೆಟ್ಟದ್ದು ಅಂತ ಸೇರಿಸಿದ್ರು."

ಔರಾದ್: ಹೊಲದಲ್ಲಿ ಸಿಕ್ಕ ಪದ

ಬೀದರ್‌ನಿಂದ ಔರಾದ್ ಸುಮಾರು 40 ಕಿ.ಮೀ. ರಾಜ್ಯದ ಉತ್ತರದ ತುದಿ, ಒಂದು ಕಡೆ ಮಹಾರಾಷ್ಟ್ರ, ಇನ್ನೊಂದು ಕಡೆ ತೆಲಂಗಾಣ. ಎಳ್ಳ ಅಮಾವಾಸ್ಯೆ ದಿನ ನಮ್ಮ ಕಡೆ ಊರು ಖಾಲಿ, ಎಲ್ಲರೂ ಹೊಲದಲ್ಲಿ. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಭಜ್ಜಿ, ಮಣ್ಣಿನ ಗಡಿಗೆಯಲ್ಲಿ ಅಂಬಲಿ. ಅಂಬಲಿಯ ಹುಳಿ ನೋಡಿ ಭಾಲ್ಕಿ ಗೆಳೆಯ "ಇದಕ್ಕೂ ಹುದುಗೇ ಬೇಕು, ನಮ್ಮದಕ್ಕೂ ಹುದುಗೇ ಬೇಕು" ಅಂತ ಭಾಷಣ ಶುರು ಮಾಡಿದ. ಮೊದಲು ಊಟ ಮಾಡು ಅಂತ ಎಲ್ಲರೂ ಸುಮ್ಮನಾಗಿಸಿದರು.

ಹೊಲದಲ್ಲಿ ಹಿಂಗಾರಿ ಕಡಲೆ ಮೊಣಕಾಲೆತ್ತರ ಇತ್ತು. ಕಡಲೆ ಗಿಡದ ಎಲೆ ಮೇಲೆ ಹುಳಿ ಜಿನುಗುತ್ತದೆ, ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಹಳಬರು ನಸುಕಿನಲ್ಲಿ ಗಿಡದ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿ ಜೊತೆ ಆ ಹುಳಿ ಹೀರಿಕೊಂಡ ಮೇಲೆ ಹಿಂಡಿ ಇಟ್ಟುಕೊಳ್ಳುತ್ತಿದ್ದರು. ಗಿಡದ ನಡುವೆ ನಡೆದುಹೋದರೆ ಕಾಲಿಗೆ ತುರಿಕೆ, ಕೈಗೆ ಒಂಥರಾ ಹಸಿರು-ಹುಳಿ ವಾಸನೆ.

ಔರಾದ್ ಗೆಳೆಯ ಒಂದು ಹಿಡಿ ಎಲೆ ಕಿತ್ತು ಅಂಗೈಯಲ್ಲಿ ತಿಕ್ಕಿ ಮೂಸಿದ. ಆಮೇಲೆ ಭಾಲ್ಕಿಯವನ ಮೂಗಿಗೆ ಹಿಡಿದ.

"ಸಿಕ್ತು ನೋಡು. ಮೊನ್ನಿ ನೆನಪಾಗವಲ್ದು ಅಂದಿದ್ನಲ್ಲ, ಇದೇ ಅದು."

ಜೇಬಿನಲ್ಲಿದ್ದ ಪುಟ್ಟ ಪೊಟ್ಟಣ ತೆಗೆದು, ಒಂದು ಅಂಗೈಯಲ್ಲಿ ಹಾಪ್, ಇನ್ನೊಂದರಲ್ಲಿ ಕಡಲೆ ಎಲೆ ತಿಕ್ಕಿ ನೋಡಿದೆವು. ಎರಡೂ ಒಂದೇ ಅಲ್ಲ. ಆದರೆ ಹಣ್ಣಿನ ವಾಸನೆಯ ಕೆಳಗೆ ಒಂದು ಹಸಿ ಎಲೆಯ ಚುರುಕು ಇತ್ತಲ್ಲ, ಅದಕ್ಕೆ ಅಲ್ಲಿಯವರೆಗೂ ನಮ್ಮಲ್ಲಿ ಯಾರಿಗೂ ಪದ ಸಿಕ್ಕಿರಲಿಲ್ಲ. ಮೂರು ಲೋಟದ ಪರೀಕ್ಷೆಯಲ್ಲಿ ತಪ್ಪಿದವನು ಅದನ್ನು ಹಿಡಿದ. ಭಾಲ್ಕಿ ಗೆಳೆಯ ಫೋನ್ ತೆಗೆದು ನೋಟ್ಸ್‌ನಲ್ಲಿ ಟೈಪ್ ಮಾಡಿಕೊಂಡ: "ಕಡಲೆ ಗಿಡ ತಿಕ್ಕಿದ ಕೈ."

ಭಾಲ್ಕಿ: ಅಂಕ ಕೊಡುವ ಹೊತ್ತು

ಮಾರನೇ ದಿನ ಭಾಲ್ಕಿಯಲ್ಲಿ ಮೂವರೇ. ಮೂರು ದಿನದ ಹಿಂದೆಯೇ ಅವನು ಒಂದೇ ಬ್ರ್ಯಾಂಡಿನ ಮೂರು ಲಾಗರ್ ಬಾಟಲಿ ತಂದು, ಒಂದನ್ನು ಹಾಗೇ ಬಿಟ್ಟು, ಉಳಿದ ಎರಡಕ್ಕೆ ನಾಲ್ಕು-ನಾಲ್ಕು ಗುಳಿಗೆ ಹಾಕಿ ಮುಚ್ಚಿ ಫ್ರಿಜ್‌ನಲ್ಲಿಟ್ಟಿದ್ದ. ಗುಳಿಗೆ ಬಿದ್ದ ಕೂಡಲೇ ನೊರೆ ಉಕ್ಕುತ್ತದೆ, ಅದಕ್ಕೆ ಬಾಟಲಿ ತುಂಬ ತಣ್ಣಗಿರಬೇಕು, ಮುಚ್ಚಳ ಕೈಯಲ್ಲೇ ಇರಬೇಕು.

ಬಿಯರ್ ತೀರ್ಪಿಗೆ ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಜೆಸಿಪಿ ಸಂಸ್ಥೆಯ ಅಂಕಪಟ್ಟಿ ತುಂಬ ಕಡೆ ನಡೆಯುತ್ತದೆ. ಒಟ್ಟು 50 ಅಂಕ: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಸಿಗುವ ಅನುಭವಕ್ಕೆ 5, ಒಟ್ಟಾರೆಗೆ 10. ಬಿಯರ್ ನಮ್ಮದಲ್ಲವಾದ್ದರಿಂದ ಪರಿಮಳ, ರುಚಿ ಎರಡಕ್ಕೆ ಮಾತ್ರ, 32ಕ್ಕೆ ಅಂಕ ಕೊಡೋಣ ಅಂದುಕೊಂಡೆವು.

ಬ್ರ್ಯಾಮ್ಲಿಂಗ್ ಕ್ರಾಸ್ ಹಾಕಿದ ಬಾಟಲಿಗೆ ಭಾಲ್ಕಿಯವನು 23 ಕೊಟ್ಟ, ನಾನು 21, ಔರಾದ್‌ನವನು 14. ಅವನಿಗೆ ಇಷ್ಟವಾಗಲಿಲ್ಲ. "ಸಪ್ಪನ್ ಬಿಯರಿಗಿ ಇದು ಭಾಳ ಆತು. ಒಬ್ಬನೇ ಮನ್ಯಾಗ ಕೂಗ್ಯಾಡಿದಂಗ ಅದ" ಅಂದ.

ಆದರೆ ಅಂಕದ ಪಕ್ಕ ಬರೆದ ವರ್ಣನೆ ಮೂವರದ್ದೂ ಹೆಚ್ಚು ಕಡಿಮೆ ಒಂದೇ: ಮೊದಲು ನೇರಳೆ, ನಂತರ ನಿಂಬೆ, ಕೊನೆಗೆ ಹಸಿ ಎಲೆ. ಹತ್ತು ನಿಮಿಷ ಬಿಟ್ಟು, ಸ್ವಲ್ಪ ಬೆಚ್ಚಗಾದ ಮೇಲೆ ನೋಡಿದರೆ ಹಣ್ಣು ಇನ್ನೂ ಮುಂದೆ ಬಂದಿತ್ತು. ತಣ್ಣಗಿದ್ದಾಗ ವಾಸನೆ ಕಡಿಮೆ ಏಳುತ್ತದೆ.

ವರ್ಣನೆ ಒಂದೇ, ಅಂಕ ಬೇರೆ. ಗೆಳೆಯನಿಗೆ ಬೇಕಾಗಿದ್ದದ್ದು ಇದೇ. ವರ್ಣನೆಯೇ ಆರು ದಿಕ್ಕಿಗೆ ಹೋಗಿದ್ದರೆ ಹಾಪ್ ಬಗ್ಗೆ ಏನೂ ಹೇಳಲಾಗುತ್ತಿರಲಿಲ್ಲ. ವರ್ಣನೆ ಒಂದೇ ಇದ್ದು ಇಷ್ಟ ಮಾತ್ರ ಬೇರೆಯಾದರೆ, ಅದನ್ನು ಯಾವ ಬಿಯರಿಗೆ ಹಾಕಬೇಕು ಅನ್ನೋ ಪ್ರಶ್ನೆಗೆ ಬರಬಹುದು. ಔರಾದ್‌ನವನ ಕಡಿಮೆ ಅಂಕದಲ್ಲೇ ಉತ್ತರ ಇತ್ತು. ಸಪ್ಪನೆ ಬಿಯರಿಗೆ ಬೇಡ, ಜೊತೆಗೆ ಗಟ್ಟಿಯಾಗಿ ನಿಲ್ಲೋ ಯಾರಾದರೂ ಇರಲಿ. ಹುರಿದ ಮಾಲ್ಟ್‌ನ ಕರಿ ಬಿಯರಿಗೆ ಕಾಫಿ-ಚಾಕೊಲೇಟಿನ ರುಚಿ ಇರುತ್ತದೆ, ಕರಿ ಹಣ್ಣಿನ ಪರಿಮಳ ಅದರೊಳಗೆ ಕೂರುತ್ತದೆ. ಇಂಗ್ಲೆಂಡಿನಲ್ಲೂ ಈ ಹಾಪ್‌ನ್ನು ಗಾಢ ಬಣ್ಣದ ಬಿಯರುಗಳಿಗೆ ಬಳಸುವವರಿದ್ದಾರೆ.

ಬೆಂಗಳೂರಿಗೆ ಹೋಗುವ ಮುಂಚೆ ಅವನು ಮಾಲೀಕರಿಗೆ ಅರ್ಧ ಪುಟ ಬರೆದ. ಆರು ಜನರಲ್ಲಿ ಐದು ಜನಕ್ಕೆ ವ್ಯತ್ಯಾಸ ಗೊತ್ತಾಗಿದೆ. ತಿಳಿ ಬಿಯರಿಗೆ ಬೇಡ, ಕರಿ ಬಿಯರಿಗೆ ಕೊನೆಯಲ್ಲಿ ಹಾಕೋಣ, ಅಳತೆ ಕಡಿಮೆ ಇರಲಿ, ಹೆಚ್ಚಾದರೆ ಬೆಕ್ಕು ಬರುತ್ತದೆ. ಮಾಲೀಕರು ಒಂದು ಸಣ್ಣ ಟ್ಯಾಂಕಿಗೆ ಒಪ್ಪಿದರು. ಬೋರ್ಡಿನ ಮೇಲೆ ಬ್ಲ್ಯಾಕ್‌ಕರಂಟ್ ಬದಲು ನೇರಳೆ ಅಂತ ಬರೆಯಬೇಕು ಅನ್ನೋದು ಇವನ ಹಟ. ಅದಕ್ಕೂ ಒಪ್ಪಿಗೆ ಸಿಕ್ಕಿದೆಯಂತೆ. ಆ ಪದ ಕೊಟ್ಟವಳಿಗೆ ಬಿಯರ್ ವಾಸನೆ ಆಗಿಬರಲ್ಲ ಅನ್ನೋದನ್ನು ಅವನು ಅಲ್ಲಿ ಹೇಳಿಲ್ಲ.

ನೀವೂ ಮಾಡಬಹುದು

ಇದಕ್ಕೆ ಹಾಪ್ ಬೇಕಿಲ್ಲ, ಬಿಯರಂತೂ ಬೇಡವೇ ಬೇಡ. ಎರಡು ಅಂಗಡಿಯ ಚಹಾಪುಡಿ, ಎರಡು ಊರಿನ ಬೆಲ್ಲ, ಎರಡು ಬ್ರ್ಯಾಂಡಿನ ಕಾಫಿ ಯಾವುದಾದರೂ ಸಾಕು.

ಮೂರು ಲೋಟ ಇಡಿ, ಎರಡರಲ್ಲಿ ಒಂದೇ ಇರಲಿ. ಅಡ್ಡಾದಿಡ್ಡಿ ನಂಬರ್ ಹಾಕಿ. ಸುರಿದವರು ರುಚಿ ನೋಡಬಾರದು. ಪ್ರತಿ ಗುಟುಕಿನ ನಡುವೆ ನೀರು ಮುಕ್ಕಳಿಸಿ. ಮೂಗು ಮುಚ್ಚಿ ಒಂದು ಗುಟುಕು, ಬಿಟ್ಟು ಒಂದು ಗುಟುಕು ಕುಡಿದು ನೋಡಿ. ನಾವು ರುಚಿ ಅಂದುಕೊಂಡದ್ದರಲ್ಲಿ ಎಷ್ಟೋ ಪಾಲು ಬಾಯಿ ಹಿಂದಿನಿಂದ ಮೂಗಿಗೆ ಏರುವ ವಾಸನೆ ಅಂತ ಆಗ ಗೊತ್ತಾಗುತ್ತದೆ. ಮಾತಾಡದೆ ಚೀಟಿಯಲ್ಲಿ ಬರೆಯಿರಿ, ಮನೆಯ ಹಿರಿಯರ ಚೀಟಿಯನ್ನು ಕೊನೆಗೆ ಬಿಚ್ಚಿ.

ಬರೆಯುವಾಗ ಲೇಬಲ್ ಮೇಲಿನ ಇಂಗ್ಲಿಷ್ ಪದ ಹುಡುಕಬೇಡಿ. ಪುಂಡಿಪಲ್ಲೆ, ಬಾರಿ ಹಣ್ಣು, ಹುಣಸೆ ಚಿಗುರು, ಮೊದಲ ಮಳೆಗೆ ನೆಂದ ಕೆಂಪು ಮಣ್ಣು, ನಿಮ್ಮ ಮೂಗಿಗೆ ಏನು ಬರುತ್ತೋ ಅದನ್ನೇ ಬರೆಯಿರಿ. ಪದ ಕೂಡಲೇ ನೆನಪಾಗದಿದ್ದರೆ ಚೀಟಿ ಖಾಲಿ ಇಟ್ಟುಕೊಳ್ಳಿ. ಎರಡು ದಿನ ಬಿಟ್ಟು ಯಾವುದೋ ಹೊಲದಲ್ಲೋ ಸಂತೆಯಲ್ಲೋ ಅದು ತಾನಾಗೇ ಸಿಗಬಹುದು.